ನಾಲ್ಕನೇ ನಂಬರಿನ ಮುಳ್ಳು

ಕಳೆದ ತಿಂಗಳು ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ನನಗೊಂದು ದೂರು ಬರೆದಳು. ಬಹಳ ಸಭ್ಯವಾದ ದೂರು. ಫಿಸಿಕ್ಸ್ ಪ್ರಾಕ್ಟಿಕಲ್ಸ್‌ಗೆಂದು ನಾವು ಕಂಪ್ಯೂಟರಿನಲ್ಲಿ ಮಾಡಿಟ್ಟಿರುವ ಪ್ರಯೋಗಗಳಲ್ಲಿ ನಾಲ್ಕನೇ ನಂಬರಿನ ಗ್ಯಾಲ್ವನೋಮೀಟರ್ ತಪ್ಪು ತೋರಿಸುತ್ತದೆಯಂತೆ. ತಂತಿಯಲ್ಲಿ ವಿದ್ಯುತ್ತು ಹರಿಯದಿದ್ದಾಗ ಅದರ ಮುಳ್ಳು ಸೊನ್ನೆಯ ಮೇಲೆ ನಿಲ್ಲಬೇಕು. ಇದು ಅರ್ಧ ಗೆರೆ ಬಲಕ್ಕೆ ನಿಲ್ಲುತ್ತದೆ. ‘ದಯವಿಟ್ಟು ಈ ಬಗ್ ತೆಗೆಯಿರಿ ಮೇಡಂ’ ಎಂದು ಬರೆದು, ಕೊನೆಗೆ ಕೈಮುಗಿದ ಚಿತ್ರವೊಂದನ್ನೂ ಅಂಟಿಸಿದ್ದಳು.

ತೆಗೆಯುವುದು ಎರಡು ನಿಮಿಷದ ಕೆಲಸ. ಒಂದು ಸಂಖ್ಯೆಯನ್ನು ಅಳಿಸಿ ಅಲ್ಲಿ ಸೊನ್ನೆ ಒತ್ತಿದರೆ ಮುಗಿಯಿತು. ತಿಂಗಳಾದರೂ ನನ್ನಿಂದ ಆಗಿಲ್ಲ. ಆ ತಪ್ಪನ್ನು ಅಲ್ಲಿ ಇಟ್ಟವಳು ನಾನೇ, ಬೇಕೆಂದೇ ಇಟ್ಟದ್ದು. ಅದು ನನ್ನ ಸ್ವಂತದ್ದೂ ಅಲ್ಲ. ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಕೇಳಿ ಕೇಳಿ ಬರೆದುಕೊಂಡದ್ದು. ಹಾಗೆ ಬರೆದುಕೊಳ್ಳುವಾಗ ನಾನು ಅವರಿಗೆ ಮೋಸ ಮಾಡಿದೆ. ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ, ಮೋಸ ಎಂಬುದೇ ಅದಕ್ಕೆ ಸರಿಯಾದ ಮಾತು.

ಅವರು ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಅಟೆಂಡೆಂಟ್. ಇಡೀ ಕಾಲೇಜಿಗೆ ಅವರು ಚಾಚಾ, ನನಗೂ ಚಾಚಾ. ಬಿಜಾಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ಊರಲ್ಲಿ ಕನ್ನಡ, ಮುಂಬಯಿಗೆ ಬಂದ ಮೇಲೆ ಹಿಂದಿ, ಮರಾಠಿ. ಬೈಕುಲ್ಲಾದ ಒಂದು ಹಳೆಯ, ಸಾಲುಮನೆಗಳ ಚಾಳಿನಲ್ಲಿ ಅವರ ವಾಸ. ನಾನು ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಅಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು. ಮನೆಯಲ್ಲಿ ತುಳು, ಮುನ್ಸಿಪಾಲ್ಟಿ ಶಾಲೆಯಲ್ಲಿ ಕನ್ನಡ. ಮದುವೆಯಾಗಿ ಭಾಂಡುಪಿಗೆ ಬಂದ ಮೇಲೆ ನನ್ನ ಕನ್ನಡಕ್ಕೆ ಕಿವಿ ಕೊಡುವವರು ಕಡಿಮೆಯಾದರು. ಗಂಡನಿಗೆ ಬರುತ್ತದೆ, ಪುರುಸೊತ್ತಿಲ್ಲ. ಮಗಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಕೈಯಲ್ಲಿ ಹೊಸ ಡಿಗ್ರಿ, ಮೂಗಿನ ತುದಿಯಲ್ಲಿ ಕೋಪ. ಪ್ರಾಕ್ಟಿಕಲ್ ತರಗತಿಯಲ್ಲಿ ಒಬ್ಬ ಹುಡುಗಿಯ ಉತ್ತರ ಪುಸ್ತಕದ ಉತ್ತರದಿಂದ ಎಲ್ಲೋ ದೂರ ಹೋಗಿತ್ತು. ಕೇಳಿದರೆ, ಗ್ಯಾಲ್ವನೋಮೀಟರೇ ಸರಿ ಇಲ್ಲ ಎಂದಳು. ನನಗೆ ರೇಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕನ್ನಡದಲ್ಲೇ ಗೊಣಗಿ, ಅವಳಿಗೆ ತಿಳಿಯಲಿ ಎಂದು ಮರಾಠಿಯಲ್ಲೂ ಹೇಳಿದೆ. ಮರಾಠಿಯವರಿಗೆ ಡೊಂಕಾಗಿರುವುದು ನೆಲವಲ್ಲ, ಅಂಗಳ. ಗಾದೆ ಅದೇ. ಹುಡುಗಿಯ ಕಣ್ಣು ತುಂಬಿತು.

ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು ನಿಂತಿದ್ದ ಚಾಚಾ ಮೇಜಿನ ಹತ್ತಿರ ಬಂದರು. ನಡುಬೆರಳಿನ ಉಗುರಿನಿಂದ ಗಾಜಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು. ಅರ್ಧ ಗೆರೆ ಆಚೆ ನಿಂತಿದ್ದ ಮುಳ್ಳು ತೂಕಡಿಕೆಯಿಂದ ಎದ್ದಂತೆ ಅಲುಗಿ, ಬಂದು ಸೊನ್ನೆಯ ಮೇಲೆ ನಿಂತಿತು.

“ಹುಡುಗೀದೇನು ತಪ್ಪಿಲ್ರೀ ಅಕ್ಕೋರ. ನೆಲಾನ ಡೊಂಕ ಐತಿ” ಎಂದರು, ಕನ್ನಡದಲ್ಲಿ.

ಅಕ್ಕೋರು ಎಂದರೆ ಅವರ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸು. ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ಹಾಗೆ ಕರೆದದ್ದು ಕೇಳಿ ನನ್ನ ಕೋಪ ಅಲ್ಲೇ ಇಳಿಯಿತು. ಕಾಲೇಜಿನಲ್ಲಿ ಉಳಿದವರಿಗೆಲ್ಲ ನಾನು ಮೇಡಂ. ಆ ಒಂದು ಕೋಣೆಯಲ್ಲಿ ಮಾತ್ರ ಅಕ್ಕೋರು. ಹುಡುಗಿಯ ಕ್ಷಮೆ ಕೇಳಿದೆ, ಅಷ್ಟು ಬುದ್ಧಿ ಆಗ ಇತ್ತು. ಆ ದಿನದಿಂದ ನಾವಿಬ್ಬರೇ ಇದ್ದಾಗ ಆಡಿದ್ದೆಲ್ಲ ಕನ್ನಡ. ಅವರದು ಗಡಗಡ ಉರುಳುವ ಕನ್ನಡ, ನನ್ನದು ಶಾಲೆಯ ಪುಸ್ತಕದ ಕನ್ನಡ. “ನೀವು ಮಾತಾಡಿದ್ರ ಪಾಠ ಓದಿದಂಗ ಅನಸ್ತೈತ್ರಿ” ಎಂದು ಛೇಡಿಸುತ್ತಿದ್ದರು.

ನಮ್ಮ ಲ್ಯಾಬಿನಲ್ಲಿ ಎಂಟು ಮೇಜು. ಪ್ರತಿ ಪ್ರಯೋಗಕ್ಕೂ ಎಂಟು ಸೆಟ್ ಸಾಮಾನು. ಎಲ್ಲವೂ ನನಗಿಂತ ಹಿರಿಯವು. ಪ್ರತಿಯೊಂದರ ಮೇಲೂ ಚಾಚಾ ಕರಿ ಬಣ್ಣದಲ್ಲಿ ಕನ್ನಡ ಅಂಕಿಯಲ್ಲಿ ನಂಬರು ಬರೆದಿದ್ದರು. ಯಾಕೆ ಚಾಚಾ ಕನ್ನಡದಲ್ಲಿ ಎಂದು ಕೇಳಿದ್ದಕ್ಕೆ, ಬೇರೆ ಡಿಪಾರ್ಟ್‌ಮೆಂಟಿನವರು ಎತ್ತಿಕೊಂಡು ಹೋದರೆ ಗುರುತು ಸಿಗಲಿ ಅಂತ ಎಂದರು. ಡೊಂಬಿವಲಿ, ಬದಲಾಪುರದಿಂದ ಬರುವ ಮರಾಠಿ ಹುಡುಗರು ಎಂಟು ಕನ್ನಡ ಅಂಕಿ ಕಲಿತು ಪಾಸಾಗಿ ಹೋಗುತ್ತಿದ್ದರು.

ಸಾಮಾನು ಕೆಟ್ಟರೆ ಕಾಲೇಜಿನ ಕಾಗದ ಪತ್ರ ಮುಗಿದು ರಿಪೇರಿ ಆಗುವಷ್ಟರಲ್ಲಿ ಮೂರು ಬ್ಯಾಚು ದಾಟುತ್ತಿತ್ತು. ಅದಕ್ಕೆ ಚಾಚಾ ಕಾಯುತ್ತಿರಲಿಲ್ಲ. ಕೆಟ್ಟ ತಿರುಪನ್ನೋ ಸವೆದ ಅಂಚನ್ನೋ ಬಿಚ್ಚಿ ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಹೋಗಿ, ಮನೆ ಹತ್ತಿರದ ಗಲ್ಲಿಯ ಲೇಥ್ ಅಂಗಡಿಯಲ್ಲಿ ಮಾಡಿಸಿ ತರುತ್ತಿದ್ದರು. ಹಾಗೂ ಸರಿಯಾಗದೆ ಉಳಿದ ದೋಷಗಳು ಅವರ ತಲೆಯಲ್ಲಿದ್ದವು. ಯಾವ ಮೇಜಿನ ತಂತಿ ಎಲ್ಲಿ ಸವೆದಿದೆ, ಯಾವ ಸ್ಟಾಪ್‌ವಾಚು ಒತ್ತಿದ ಮೇಲೆ ತುಸು ತಡೆದು ಓಡುತ್ತದೆ, ಎಲ್ಲವೂ ಗೊತ್ತು. ಎಲ್ಲೂ ಬರೆದಿಟ್ಟಿರಲಿಲ್ಲ. ಪ್ರಾಕ್ಟಿಕಲ್ ಶುರುವಾಗುವ ಮೊದಲು ಒಂದು ಸುತ್ತು ಹೋಗಿ ಇಲ್ಲಿ ತಟ್ಟಿ, ಅಲ್ಲಿ ಒಂದು ಕಾಗದದ ಚೂರು ಸಿಕ್ಕಿಸಿ, ಇನ್ನೊಂದರ ಕಿವಿ ಹಿಂಡಿ ಬರುತ್ತಿದ್ದರು.

ಪ್ರಾಕ್ಟಿಕಲ್‌ಗಳಲ್ಲಿ ಒಂದು ಹಳೆಯ ರೋಗವಿದೆ. ಮಕ್ಕಳು ಪುಸ್ತಕದ ಉತ್ತರವನ್ನು ಮೊದಲೇ ನೋಡಿಕೊಂಡು, ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿ, ಅಳತೆಗಳನ್ನು ಹುಟ್ಟಿಸಿ ಬರೆಯುತ್ತಾರೆ. ನಾನೂ ಬರೆದವಳೇ. ಟೀಚರ್ ಆದ ಮೇಲೆ ಅದೇ ನನಗೆ ಮಹಾಪರಾಧವಾಗಿ ಕಂಡು ಕಿರುಚಾಡುತ್ತಿದ್ದೆ. ಚಾಚಾ ಒಮ್ಮೆ ಹೇಳಿದರು: “ಬೈಬ್ಯಾಡ್ರೀ ಅಕ್ಕೋರ. ಸಾಮಾನಿನ ಮ್ಯಾಲ ನಂಬಿಕಿ ಇಲ್ದಾಗ ಮಂದಿ ಸುಳ್ಳ ಬರೀತಾರ. ಸಾಮಾನಿನ ಗುಣ ಗೊತ್ತ ಮಾಡಿ ಕೊಡ್ರಿ, ಖರೇನ ಬರೀತಾರ.” ಅವರು ಹೇಳಿದಂತೆ ಮಾಡಿ ನೋಡಿದೆ. ಎಲ್ಲರೂ ಅಲ್ಲ, ಅರ್ಧ ಮಂದಿ ನಿಜ ಬರೆಯತೊಡಗಿದರು. ಅಷ್ಟಾದರೂ ಆಯಿತಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಲ್ಯಾಬಿಗೆ ಬೀಗ ಬಿತ್ತು, ಮಕ್ಕಳು ಮೊಬೈಲಿನೊಳಗೆ ಹೋದರು. ಪ್ರಯೋಗವನ್ನು ಬಾಯಲ್ಲಿ ವಿವರಿಸುವುದೆಂದರೆ ಊಟವನ್ನು ಬಾಯಲ್ಲಿ ಬಡಿಸಿದ ಹಾಗೆ. ನನಗೆ ಸಹಿಸಲಾಗಲಿಲ್ಲ. ಭಾಂಡುಪಿನ ಎರಡು ಕೋಣೆಯ ಮನೆಯಲ್ಲಿ ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮಗಳ ಸಹಾಯದಿಂದ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ತೆರೆಯ ಮೇಲೆ ಒಂದು ಲೋಲಕ ತೂಗುವಂತೆ ಮಾಡಿದ ದಿನ ನನಗಾದ ಸಂತೋಷ ದೊಡ್ಡದು. ಟಿಟ್ವಾಳದಿಂದ ಒಬ್ಬ ಹುಡುಗಿ, ಮನೆಯಲ್ಲಿ ಕೂತು ಇದೇ ಪ್ರಯೋಗವನ್ನು ಹನ್ನೊಂದು ಸಲ ಮಾಡಿದೆ ಮೇಡಂ, ಕಾಲೇಜಿನಲ್ಲಿ ಒಂದು ಸಲ ಸರದಿ ಸಿಗುವುದೇ ಕಷ್ಟವಿತ್ತು ಎಂದು ಬರೆದಳು. ಆ ಸಂತೋಷ ಸುಳ್ಳಾಗಿರಲಿಲ್ಲ. ಇವತ್ತಿಗೂ ಅದನ್ನು ಸುಳ್ಳೆನ್ನಲಾರೆ.

ಕಾಲೇಜು ತೆರೆದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಹೊಸ ಪಠ್ಯಕ್ರಮ ಬರುತ್ತಿದೆ, ಯೂನಿವರ್ಸಿಟಿಯವರು ಇಂಥದ್ದನ್ನೇ ಹುಡುಕುತ್ತಿದ್ದಾರೆ, ಎಲ್ಲ ಪ್ರಯೋಗಗಳನ್ನೂ ಹೀಗೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಲ್ಯಾಬ್ ಏನಾಗುತ್ತದೆ ಎಂದು ಕೇಳಿದೆ. ಅದು ಎಲ್ಲಿಗೆ ಹೋಗುತ್ತದೆ, ಇದು ಪೂರಕ ಅಷ್ಟೆ ಎಂದರು. ಪೂರಕ ಎಂಬ ಮಾತು ನನಗೆ ಹಿಡಿಸಿತು. ಹಿಡಿಸಿದ ಮಾತನ್ನು ಮತ್ತೆ ತಿರುಗಿಸಿ ನೋಡುವ ಅಭ್ಯಾಸ ನನಗಿಲ್ಲ.

ಕೆಲಸ ಶುರುವಾಯಿತು. ಆದರೆ ನಾನು ಮಾಡಿದ ಪ್ರಯೋಗಗಳು ತೀರಾ ನಯವಾಗಿದ್ದವು. ಮುಳ್ಳು ಪ್ರತಿ ಸಲ ಸೊನ್ನೆಯ ಮೇಲೇ, ಉತ್ತರ ಪ್ರತಿ ಸಲ ಪುಸ್ತಕದ್ದೇ. ಇದೂ ಲೆಕ್ಕ ಹಿಂದಿನಿಂದ ಮಾಡಿದ ಹಾಗೇ ಅಲ್ಲವೇ ಅನ್ನಿಸಿತು. ನಿಜವಾದ ಸಾಮಾನಿನ ನಿಜವಾದ ದೋಷಗಳನ್ನು ಇದರೊಳಗೆ ಹಾಕಬೇಕು, ಮಕ್ಕಳು ಅದರೊಡನೆ ಗುದ್ದಾಡಿ ಕಲಿಯಬೇಕು ಎಂದು ನಿಶ್ಚಯಿಸಿದೆ. ಈ ಯೋಚನೆಗಾಗಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ದೋಷಗಳ ಪಟ್ಟಿ ಯಾರ ಹತ್ತಿರ ಇದೆ ಎಂಬುದು ನನಗೆ ಗೊತ್ತಿತ್ತು.

ಒಂದು ವಾರ, ಮಧ್ಯಾಹ್ನ ಲ್ಯಾಬ್ ಖಾಲಿಯಾಗುವ ಹೊತ್ತಿಗೆ ನೋಟ್‌ಬುಕ್ ಹಿಡಿದು ಚಾಚಾನ ಎದುರು ಕೂತೆ. “ಚಾಚಾ, ಒಂದೊಂದೇ ಸಾಮಾನಿನದು ಏನೇನು ದೋಷ ಉಂಟು ಎಲ್ಲ ಹೇಳಿ, ಬರೆದುಕೊಳ್ಳುತ್ತೇನೆ” ಎಂದೆ. ಎಂತಕ್ಕೆ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಅವರ ಮುಖದಲ್ಲಿ ಮಾತ್ರ ಒಂದು ಬೆಳಕು ಬಂತು. ಅಷ್ಟು ವರ್ಷಗಳಲ್ಲಿ ಅವರನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ.

“ಬರ್ಕೋರಿ. ನಾಕನೇದು. ಮುಳ್ಳು ಅರ್ಧ ಗೆರಿ ಬಲಕ್ಕ ನಿಂದರತೈತಿ. ಒಳಗ ಸ್ಪ್ರಿಂಗ್ ದಣದೈತಿ. ಉಗರಲೆ ಎರಡ ಸಲ ಬಡದ್ರ ಬರತೈತಿ, ಆದ್ರ ಹೆಂಗ ಬೇಕಾದಂಗ ಅಲ್ಲ, ಮೊದಲ…”

“ಅದು ಬೇಡ ಚಾಚಾ” ಎಂದೆ. “ದೋಷ ಎಷ್ಟು ಅಂತ ಮಾತ್ರ ಸಾಕು.”

ಹಾಗೇ ಸಾಗಿತು. ಪ್ರತಿ ದೋಷದ ಹಿಂದೆಯೇ ಅದರ ಉಪಾಯವನ್ನೂ ಅವರು ಹೇಳುತ್ತಿದ್ದರು. ಮೂರನೇ ಮೇಜಿನ ಒಂದು ಮೀಟರ್ ಉದ್ದದ ತಂತಿ ನಡುವಿನಿಂದ ಆಚೆ ಸವೆದಿದೆ. ಎಷ್ಟೋ ಬ್ಯಾಚಿನ ಮಕ್ಕಳು ಅಲ್ಲೇ ಒತ್ತಿ ಒತ್ತಿ ಸವೆಸಿದ್ದು. ಅದಕ್ಕೆ ಹೀಗೆ ಮಾಡಬೇಕು. ಆರನೇ ಲೋಲಕ ತೂಗುಬಿದ್ದ ಅಂಚು ಮೊಂಡಾಗಿದೆ. ಅದಕ್ಕೆ ಹಾಗೆ ಮಾಡಬೇಕು. ನೋಟ್‌ಬುಕ್ಕಿನ ಎಡಪುಟದಲ್ಲಿ ನಾನು ದೋಷವನ್ನಷ್ಟೇ ಬರೆದೆ. ಬಲಪುಟವನ್ನು ನನ್ನ ಲೆಕ್ಕಕ್ಕೆಂದು ಖಾಲಿ ಬಿಟ್ಟೆ. ಉಪಾಯ ಹೇಳುವಾಗ ಪೆನ್ನು ಮೇಲೆತ್ತಿ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದೆ. ನನಗೆ ಸಂಖ್ಯೆ ಬೇಕಿತ್ತು. ತಟ್ಟುವುದಕ್ಕೆ ಸಂಖ್ಯೆ ಎಲ್ಲಿದೆ?

ಕಾವಲಿಯ ಮೇಲೆ ನೀರು ಚಿಮುಕಿಸಿ, ಅದರ ಸದ್ದು ಕೇಳಿ ದೋಸೆ ಹುಯ್ಯುವ ಹೊತ್ತು ಹೇಳುತ್ತಿದ್ದ ಅಪ್ಪನ ಮಗಳು ನಾನು. ನನಗಾದರೂ ಇದು ಹೊಳೆಯಬೇಕಿತ್ತು.

ಮೂರನೇ ದಿನ ಚಾಚಾ ಡಬ್ಬಿಯ ಚೀಲದಿಂದ ಕಾಗದದ ಒಂದು ಸಣ್ಣ ಪೊಟ್ಟಣ ತೆಗೆದರು. ಬಿಚ್ಚಿದರೆ, ಕೂದಲೆಳೆಯಷ್ಟು ತೆಳ್ಳಗಿನ ಒಂದು ಸುರುಳಿ ಸ್ಪ್ರಿಂಗು.

“ನಾಕನೇದಕ್ಕ ಸರಿ ಹೊಂದತೈತಿ ನೋಡ್ರಿ. ಗಡಿಯಾರ ರಿಪೇರಿ ಮಾಡಾವನ ಹಂತೇಲಿ ಹುಡಿಕಿಸಿ ತಂದೀನಿ. ಉಳದದ್ದಕ್ಕೂ ಲೇಥ್ ಅಂಗಡ್ಯಾಗ ಮಾತಾಡೀನ್ರಿ. ಇಷ್ಟ ವರ್ಷಕ್ಕ ಕಾಲೇಜಿನವ್ರಿಗೆ ಬುದ್ಧಿ ಬಂತು, ಎಲ್ಲಾ ಕೂಡೇ ರಿಪೇರಿ ಮಾಡಸ್ತಾರಂದ್ರ ನಾನೂ ಖುಷೀಲೆ ರಿಟೈರ್ ಆಗತೀನಿ.”

ಆಗ ಗೊತ್ತಾಯಿತು. ನಾನು ಬರೆದುಕೊಳ್ಳುತ್ತಿರುವುದು ರಿಪೇರಿಯ ಪಟ್ಟಿ ಎಂದು ಅವರು ತಿಳಿದಿದ್ದರು. ತಿಳಿಯದೆ ಏನು? ಒಬ್ಬರು ಪುಸ್ತಕ ಹಿಡಿದು ಬಂದು, ಏನೇನು ಕೆಟ್ಟಿದೆ ಹೇಳಿ ಎಂದು ಸಾಲಾಗಿ ಬರೆದುಕೊಂಡರೆ, ಇಡೀ ಆಯುಷ್ಯ ಸಾಮಾನು ದುರಸ್ತಿ ಮಾಡಿದವರಿಗೆ ಬೇರೇನು ಹೊಳೆಯಬೇಕು? ಕೆಟ್ಟದ್ದನ್ನು ಕೆಟ್ಟದ್ದರ ಹಾಗೇ ನಕಲು ಮಾಡಿ ಕಂಪ್ಯೂಟರಿನಲ್ಲಿ ಇಡುವುದಕ್ಕೆ ಅಂತ ಯಾರಿಗೆ ಹೊಳೆದೀತು?

ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಆದರೆ ಇನ್ನೂ ನಾಲ್ಕು ಮೇಜುಗಳ ಸಾಮಾನು ಬಾಕಿ ಇತ್ತು. ಹೇಳಿದರೆ ಅವರ ಉತ್ಸಾಹ ಇಳಿದು, ಮಾತು ನಿಲ್ಲುತ್ತದೆ ಎಂಬ ಭಯ ಬಂತು. ಲ್ಯಾಬ್ ಹೇಗೂ ಇರುತ್ತದಲ್ಲ, ಮುಂದೆ ರಿಪೇರಿಯೂ ಆಗಬಹುದು ಎಂದು ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನನ್ನ ಆ ಮೌನ ಹಿತ್ತಾಳೆಯದ್ದೂ ಆಗಿರಲಿಲ್ಲ. “ತುಂಬಾ ಚೆನ್ನಾಗಿದೆ ಚಾಚಾ” ಎಂದು ಸ್ಪ್ರಿಂಗನ್ನು ತೆಗೆದುಕೊಂಡು ಪರ್ಸಿನಲ್ಲಿ ಹಾಕಿಕೊಂಡೆ. ಐದನೇ ಮೇಜಿಗೆ ಹೋದೆವು.

ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯಿತು. ಪ್ರತಿ ಸಾಮಾನಿನ ಫೋಟೋ ತೆಗೆದು, ಅದರ ಮೇಲಿನ ಕನ್ನಡ ಅಂಕಿಯ ಸಮೇತ ತೆರೆಗೆ ತಂದೆ. ಎಂಟು ಸೆಟ್, ಎಂಟು ಬಗೆಯ ದೋಷ. ಯೂನಿವರ್ಸಿಟಿಯಿಂದ ತಂಡ ಬಂದ ದಿನ ಸೆಮಿನಾರ್ ಹಾಲಿನಲ್ಲಿ ತೋರಿಸಿದೆ. ದೋಷಗಳ ಯೋಚನೆ ಅವರಿಗೆ ಬಹಳ ಹಿಡಿಸಿತು. ಇದನ್ನು ವರದಿಗೆ ಸೇರಿಸಿ, ಪಟ್ಟಿಯನ್ನು ಕೊನೆಯಲ್ಲಿ ಲಗತ್ತಿಸಿ ಎಂದರು. ಚಪ್ಪಾಳೆ ತಟ್ಟಿದರು. ಚಹಾದ ಟ್ರೇ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ ಚಾಚಾ ಪರದೆಯನ್ನೇ ನೋಡುತ್ತಿದ್ದರು. ಗೋಡೆಯ ಅರ್ಧದಷ್ಟು ದೊಡ್ಡದಾಗಿ ನಾಲ್ಕನೇ ನಂಬರಿನ ಗ್ಯಾಲ್ವನೋಮೀಟರ್ ನಿಂತಿತ್ತು, ಮುಳ್ಳು ಅರ್ಧ ಗೆರೆ ಬಲಕ್ಕೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವರು ಚಹಾದ ಕಪ್ಪು-ಬಸಿಗಳನ್ನು ಕೂಡಿಸುತ್ತಾ ಕೇಳಿದರು: “ನಮ್ಮ ನಾಕನೇದ ಐತಲ್ರೀ ಅದು?”

“ಹೌದು ಚಾಚಾ.”

“ಕಂಪ್ಯೂಟರಿನ್ಯಾಗ ರಿಪೇರಿ ಮಾಡೂದು ಭಾಳ ಕಷ್ಟ ಏನ್ರೀ?”

ಅವರು ಚುಚ್ಚಿ ಮಾತಾಡುವವರಲ್ಲ. ನಿಜವಾಗಿಯೂ ಕೇಳಿದ್ದು. ನಾನು ಊಟಕ್ಕೆ ಹೊತ್ತಾಯಿತು ಎಂದು ಹೊರಟುಬಿಟ್ಟೆ.

ಮುಂದಿನದು ಬೇಗ ನಡೆಯಿತು. ಹೊಸ ಪಠ್ಯಕ್ರಮದಲ್ಲಿ ಹೆಚ್ಚಿನ ಪ್ರಯೋಗಗಳನ್ನು ಕಂಪ್ಯೂಟರಿನಲ್ಲೇ ಮಾಡಿಸಬಹುದು ಎಂದಾಯಿತು. ಕಾಲೇಜಿಗೆ ಹೊಸ ಕೋರ್ಸಿಗೆ ಜಾಗ ಬೇಕಿತ್ತು. ಗಾಳಿ ಬೆಳಕು ಇದ್ದ ದೊಡ್ಡ ಕೋಣೆ ಎಂದರೆ ನಮ್ಮ ಲ್ಯಾಬು. ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ ಜಗಳವಾಡಿದೆ. ಪೂರಕ ಎಂದಿದ್ದಿರಲ್ಲ ಎಂದು ದನಿ ಏರಿಸಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಡ್ರಾವರಿನಿಂದ ನನ್ನದೇ ವರದಿಯನ್ನು ತೆಗೆದು, ಕೊನೆಯ ಪುಟಗಳನ್ನು ತೆರೆದು ಮುಂದಿಟ್ಟರು. ಸಾಮಾನಿನ ಹೆಸರು, ನಂಬರು, ದೋಷ. “ಲ್ಯಾಬಿನಲ್ಲಿ ಸರಿಯಾಗಿರುವ ಸಾಮಾನು ಒಂದೂ ಇಲ್ಲ ಎಂದು ಬರೆದುಕೊಟ್ಟವರು ನೀವೇ ಅಲ್ಲವಾ ಮೇಡಂ?” ಎಂದರು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ನಾನೊಬ್ಬಳೇ ಉಂಡಿದ್ದರೆ ಇಷ್ಟು ದುಃಖವಿರುತ್ತಿರಲಿಲ್ಲ.

ಕಾಲೇಜಿನಲ್ಲಿ ಬಾಳಿಕೆಯ ಸಾಮಾನುಗಳನ್ನೆಲ್ಲ ಬರೆದಿಡುವ ಒಂದು ದಪ್ಪ ಪುಸ್ತಕವಿದೆ, ಡೆಡ್ ಸ್ಟಾಕ್ ರಿಜಿಸ್ಟರ್. ಒಂದು ಸಾಮಾನನ್ನು ಗುಜರಿಗೆ ಹಾಕಬೇಕಾದರೆ ಅದರಲ್ಲಿ ಹೆಸರು ಹೊಡೆದು, ಕಾರಣ ಬರೆದು, ಡಿಪಾರ್ಟ್‌ಮೆಂಟಿನವರು ಒಬ್ಬರು, ಅಟೆಂಡೆಂಟ್ ಒಬ್ಬರು ಸಹಿ ಹಾಕಬೇಕು. ಆಫೀಸಿನವರು ನನ್ನ ಪಟ್ಟಿಯನ್ನೇ ಕಾರಣದ ಕಾಲಮಿಗೆ ಇಳಿಸಿ ಟೈಪ್ ಮಾಡಿಸಿದ್ದರು. ನಾನು ಸಹಿ ಹಾಕಿದೆ. ಹಾಕುವುದಿಲ್ಲ ಎಂದು ಹಟ ಹಿಡಿಯಲು ನನ್ನಲ್ಲಿ ಯಾವ ವಾದ ಉಳಿದಿತ್ತು? ಪುಸ್ತಕವನ್ನು ಚಾಚಾನ ಕಡೆ ಸರಿಸಿದೆ.

ಇಂಗ್ಲಿಷು ಅವರಿಗೆ ಅಕ್ಷರ ಕೂಡಿಸುವಷ್ಟು ಮಾತ್ರ ಬರುತ್ತಿತ್ತು. “ಏನ ಬರದೈತಿ ಓದಿ ಹೇಳ್ರೀ ಅಕ್ಕೋರ” ಎಂದರು.

ಓದಿದೆ. ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದೆ. ನಾಲ್ಕನೇ ಗ್ಯಾಲ್ವನೋಮೀಟರ್, ಮುಳ್ಳು ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಮೂರನೇ ತಂತಿ, ಸವೆದಿದೆ. ಆರನೇ ಲೋಲಕ, ಅಂಚು ಮೊಂಡಾಗಿದೆ. ಓದುತ್ತಾ ಓದುತ್ತಾ ಅವು ಅವರದೇ ಮಾತುಗಳು ಎಂಬುದು ನನ್ನ ಕಿವಿಗೇ ಕೇಳಿಸತೊಡಗಿತು. ಅವರು ನಡುವೆ ಒಮ್ಮೆಯೂ ತಡೆಯಲಿಲ್ಲ. ಕಣ್ಣು ಅರೆಮುಚ್ಚಿ, ತಲೆ ತುಸು ವಾಲಿಸಿ ಕೇಳಿದರು. ಮುಗಿದ ಮೇಲೆ ಪೆನ್ನು ಕೇಳಿದರು.

“ಎಲ್ಲಾ ನಾ ಹೇಳಿದ್ದ ಐತಿ. ಸುಳ್ಳ ಒಂದೂ ಇಲ್ಲ” ಎಂದು ಕನ್ನಡದಲ್ಲಿ ಸಹಿ ಹಾಕಿದರು.

ಎರಡು ದಿನ ಬಿಟ್ಟು ಟೆಂಪೋ ಬಂತು. ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ಯುವವರು, ಅವರಿಗೆ ನಂಬರು ಯಾಕೆ? ಆದರೂ ಚಾಚಾ ಒಂದರಿಂದ ಎಂಟರ ತನಕ ಪ್ರತಿ ಸಾಮಾನನ್ನೂ ಒರೆಸಿ, ಸಾಲಾಗಿ ಇಟ್ಟು, ಆ ಕ್ರಮದಲ್ಲೇ ಕೊಟ್ಟರು. ನಾನು ಮಹಡಿಯ ಕಿಟಕಿಯಿಂದ ನೋಡಿದೆ. ಕೆಳಗಿಳಿದು ಹೋಗುವ ಧೈರ್ಯವಾಗಲಿಲ್ಲ. ಮರುದಿನದಿಂದ ಅವರನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಉತ್ತರಪತ್ರಿಕೆಯ ಗಂಟು ಹೊತ್ತು ಮೆಟ್ಟಿಲು ಹತ್ತಿ ಇಳಿಯುವ ಕೆಲಸ. ಎದುರು ಸಿಕ್ಕರೆ ಆರಾಮ್ರೀ ಅಕ್ಕೋರ ಎನ್ನುತ್ತಿದ್ದರು. ಹೂಂ ಚಾಚಾ ಎಂದು ನಾನು ಬೇಗ ದಾಟುತ್ತಿದ್ದೆ. ಎಂಟು ತಿಂಗಳಲ್ಲಿ ರಿಟೈರ್ ಆದರು. ಬೀಳ್ಕೊಡುಗೆಯ ದಿನ ನಾನು ರಜೆ ಹಾಕಿದ್ದೆ. ಮೈ ಸರಿ ಇಲ್ಲ ಎಂದು ಬರೆದದ್ದು ಸುಳ್ಳು.

ಈಗ ಈ ದೂರು. ಮೊದಲು ಸಿಟ್ಟು ಬಂತು, ಆಮೇಲೆ ಅವಳು ಹೇಳುವುದರಲ್ಲಿ ನ್ಯಾಯ ಕಂಡಿತು. ನಿಜವಾದ ನಾಲ್ಕನೇದು ಎರಡು ಸಲ ತಟ್ಟಿದರೆ ಸೊನ್ನೆಗೆ ಬರುತ್ತಿತ್ತು. ನನ್ನದು ಬರುವುದಿಲ್ಲ. ನಾನು ದೋಷವನ್ನು ಕೊಟ್ಟು ಉಪಾಯವನ್ನು ಕೊಡಲಿಲ್ಲ. ಹಳೆಯ ನೋಟ್‌ಬುಕ್ ತೆಗೆದು ನೋಡಿದೆ. ಎಡಪುಟಗಳು ತುಂಬಿವೆ, ಬಲಪುಟಗಳಲ್ಲಿ ನನ್ನ ಕೂಡಿಸು ಕಳೆ. ಅಳಿಸುವುದರ ಬದಲು ಉಪಾಯವನ್ನೂ ಸೇರಿಸೋಣ ಅನ್ನಿಸಿತು. ಮಕ್ಕಳು ತೆರೆಯ ಮೇಲೆ ಬೆರಳಿಂದ ತಟ್ಟಿದರೆ ಮುಳ್ಳು ಅಲುಗಿ ಬರಲಿ. ಅದಕ್ಕೆ ಅವರನ್ನೇ ಕೇಳಬೇಕು. ನಿಜ ಹೇಳಬೇಕೆಂದರೆ, ಕೇಳುವುದು ನೆವ. ಹೇಳುವುದು ಬೇರೆ ಇತ್ತು.

ಹೋದ ಭಾನುವಾರ ಬೈಕುಲ್ಲಾಕ್ಕೆ ಹೋದೆ. ಚಾಳಿನ ಮೂರನೇ ಮಹಡಿ, ಮರದ ಮೆಟ್ಟಿಲು. ಚಾಚಾ ಸೊರಗಿ ಹೋಗಿದ್ದರು. “ಬರ್ರೀ ಬರ್ರೀ ಅಕ್ಕೋರ, ಹಾದಿ ಹೆಂಗ ಸಿಕ್ತು?” ಎಂದು ತಾವೇ ಎದ್ದು ಕುರ್ಚಿ ಒರೆಸಿದರು. ಮನೆಯವರು ಚಹಾ ತಂದಿಟ್ಟು ಒಳಗೆ ಹೋದರು. ನೋಟ್‌ಬುಕ್ ತೆಗೆದೆ. “ಚಾಚಾ, ಅವತ್ತು ನೀವು ಉಪಾಯ ಹೇಳುತ್ತಿದ್ದಿರಿ, ನಾನು ಬರೆದುಕೊಳ್ಳಲಿಲ್ಲ. ಈಗ ಹೇಳಿ. ನಾಲ್ಕನೇದಕ್ಕೆ ಹೇಗೆ ತಟ್ಟಬೇಕು?”

ಅವರು ನೋಟ್‌ಬುಕ್ಕನ್ನು ನೋಡಿದರು, ನನ್ನನ್ನು ನೋಡಿದರು. ನಡುಬೆರಳು ಮಡಿಸಿ ಕುರ್ಚಿಯ ಕೈಯ ಮೇಲೆ ತಟ್ಟಿದರು. ತಲೆ ಅಲ್ಲಾಡಿಸಿದರು. ಬಸಿಯ ಅಂಚಿಗೆ ತಟ್ಟಿದರು. “ಹಿಂಗಲ್ಲ” ಎಂದರು. ಮತ್ತೊಮ್ಮೆ ತಟ್ಟಿ, “ಹಿಂಗೂ ಅಲ್ಲ.” ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. “ಸಾಮಾನು ಮುಂದ ಇದ್ರ ಕೈ ಹೇಳತಿತ್ರೀ. ಈಗ ಅದಕ್ಕೂ ನೆನಪಿಲ್ಲ.”

ಮೂರನೇದನ್ನು ಕೇಳಿದೆ, ಆರನೇದನ್ನು ಕೇಳಿದೆ. ಅವರು ಕಣ್ಣು ಮುಚ್ಚಿ ಪ್ರಯತ್ನಪಟ್ಟರು. ನನ್ನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವರು ಪಡುತ್ತಿದ್ದ ಆ ಪಾಡನ್ನು ನನ್ನಿಂದ ನೋಡಲಾಗಲಿಲ್ಲ. ನೋಟ್‌ಬುಕ್ ಮುಚ್ಚಿದೆ. ಪರ್ಸಿನಿಂದ ಕಾಗದದ ಪೊಟ್ಟಣ ತೆಗೆದು ಅವರ ಮುಂದಿಟ್ಟೆ. ಬಿಚ್ಚಿ ನೋಡಿ ಅವರಿಗೆ ಕೂಡಲೇ ಗುರುತು ಸಿಕ್ಕಿತು.

“ಚಾಚಾ, ಇದನ್ನು ತಂದುಕೊಟ್ಟ ದಿನವೇ ನನಗೆ ಗೊತ್ತಾಗಿತ್ತು. ನೀವು ರಿಪೇರಿಗೆ ಅಂತ ತಿಳಿದುಕೊಂಡಿದ್ದೀರಿ ಅಂತ. ನಾನು ಹೇಳಲಿಲ್ಲ.”

ಕೆಳಗಿನ ಗಲ್ಲಿಯಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಅವರು ಸ್ಪ್ರಿಂಗನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಅವತ್ತ ಹೇಳಿದ್ರ, ಉಳದದ್ದು ನಾ ಹೇಳತಿದ್ದಿಲ್ಲ” ಎಂದರು.

“ಗೊತ್ತಿತ್ತು ಚಾಚಾ. ಅದಕ್ಕೇ ಹೇಳಲಿಲ್ಲ.”

ಅವರು ತಲೆಯಾಡಿಸಿದರು. ಅಳತೆ ಸರಿಯಾಗಿ ಬಂದಿದೆ ಎಂದು ಮಕ್ಕಳು ತೋರಿಸಿದಾಗ ಆಡಿಸುತ್ತಿದ್ದ ಹಾಗೆಯೇ. ಸ್ಪ್ರಿಂಗನ್ನು ಮತ್ತೆ ಕಾಗದದಲ್ಲಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಅತ್ತೆ. ಅವರು ಚಹಾ ಕುಡಿಯಿರಿ ಎಂದು ಕೈಸನ್ನೆ ಮಾಡಿದರು. ಕುಡಿದೆ. ಕ್ಷಮಿಸಿದೆ ಎಂದು ಅವರು ಎನ್ನಲಿಲ್ಲ. ಕ್ಷಮಿಸಿ ಎಂದು ನಾನೂ ಕೇಳಲಿಲ್ಲ, ಆ ಮಾತಿಗೆ ಬಾಯಿ ಬರಲಿಲ್ಲ.

ಹೊರಟಾಗ ಬಾಗಿಲ ತನಕ ಬಂದರು. ನಾನು ಎರಡು ಮೆಟ್ಟಿಲು ಇಳಿದಿದ್ದೆ. ಮರ ಹಳೆಯದು, ಜೋಪಾನ ಎಂದು ಎಚ್ಚರಿಸಲು ಮೇಲಿನಿಂದ ಕೂಗಿದರು: “ಸೀಢಿ ಪುರಾನೀ ಹೈ ಮೇಡಂ, ಸಂಭಾಲ್ ಕೆ.”

ಇಪ್ಪತ್ತು ವರ್ಷಗಳಲ್ಲಿ, ನಾವಿಬ್ಬರೇ ಇದ್ದಾಗ, ಅವರು ನನ್ನೊಡನೆ ಹಿಂದಿಯಲ್ಲಿ ಮಾತಾಡಿದ್ದು ಅದೇ ಮೊದಲು.